ಗುಣಮಟ್ಟ ನೋಡಿ ಸಂಬಳ ಕೊಡುವ ಮೊದಲು

ಸಾಗರ

ಚಿ॥ ಪ್ರಮೋದನಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಎರಡು ಮಾತಿನಲ್ಲಿ ಉತ್ತರ ಕೊಡಲು ಆಗುವಂತಿರಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿಮ್ಮ ಆಸ್ಪತ್ರೆಯವರು ಇನ್ನು ಮುಂದೆ ಡಾಕ್ಟರ್‌ಗಳ ಸಂಬಳದಲ್ಲಿ ಒಂದು ಪಾಲನ್ನು ಚಿಕಿತ್ಸೆಯ ಗುಣಮಟ್ಟ ನೋಡಿ ಕೊಡುತ್ತಾರೆ, ಹೆರಿಗೆ ವಿಭಾಗದಲ್ಲಿ ಯಾವುದಕ್ಕೆ ಎಷ್ಟು ಅಂಕ ಎಂದು ಪಟ್ಟಿ ಮಾಡುವ ಕೆಲಸ ನಿನಗೆ ಬಂದಿದೆ, ಅಲ್ವಾ? ಸಣ್ಣ ಕೆಲಸವಲ್ಲ ಅದು. ಆ ಪಟ್ಟಿ ಮುಂದೆ ಎಷ್ಟೋ ಬಸುರಿಯರ ಹಣೆಬರಹ ಬರೆಯುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಇದಕ್ಕೆ ನನ್ನ ವಿರೋಧವಿಲ್ಲ. ಈಗ ನಡೆಯುತ್ತಿರುವುದು ಇದಕ್ಕಿಂತ ಕೆಟ್ಟದ್ದು. ಎಷ್ಟು ಆಪರೇಷನ್, ಎಷ್ಟು ಸ್ಕ್ಯಾನ್ ಎಂದು ಎಣಿಸಿ ದುಡ್ಡು ಕೊಟ್ಟರೆ ಆಪರೇಷನ್, ಸ್ಕ್ಯಾನ್‌ಗಳೇ ಜಾಸ್ತಿ ಆಗುತ್ತವೆ. ನೋವು ತಿನ್ನುವ ಹೆಣ್ಣುಮಗಳ ಪಕ್ಕ ರಾತ್ರಿಯಿಡೀ ಕಾದು ನಾರ್ಮಲ್ ಹೆರಿಗೆ ಮಾಡಿಸಿದವರಿಗೆ ಕಡಿಮೆ, ಮುಕ್ಕಾಲು ಗಂಟೆಯಲ್ಲಿ ಸಿಸೇರಿಯನ್ ಮುಗಿಸಿದವರಿಗೆ ಹೆಚ್ಚು. ಎಂಥ ಒಳ್ಳೆಯ ಡಾಕ್ಟರ್ ಆದರೂ ವರ್ಷಗಟ್ಟಲೆ ಹೀಗೇ ಇದ್ದರೆ ಮನಸ್ಸು ಸ್ವಲ್ಪ ಸ್ವಲ್ಪವೇ ಆ ಕಡೆ ವಾಲುತ್ತದೆ. ಆದ್ದರಿಂದ ಕೇಸು ಎಣಿಸಿ ಕೊಡುವ ಟಾರ್ಗೆಟ್ ಹಣವನ್ನು ಮೊದಲು ನಿಲ್ಲಿಸಿ ಎಂದು ಮ್ಯಾನೇಜ್‌ಮೆಂಟಿಗೆ ಹೇಳು. ಅದೂ ಇರಲಿ, ಇದೂ ಇರಲಿ ಎಂದರೆ ಗೆಲ್ಲುವುದು ಅದೇ.

ಹಾಗಂತ ಎಲ್ಲಕ್ಕೂ ಒಂದೇ ದರ ಇಟ್ಟರೂ ಸಾಲದು. ನಮ್ಮ ಸರ್ಕಾರ ಬಡ ಬಸುರಿಯರ ಉಚಿತ ಹೆರಿಗೆಯ ತಾಯಿ ಭಾಗ್ಯ ಯೋಜನೆಯಲ್ಲಿ ಖಾಸಗಿ ಆಸ್ಪತ್ರೆಗಳಿಗೆ 100 ಹೆರಿಗೆಗೆ 3 ಲಕ್ಷ ರೂಪಾಯಿ ಅಂತ ಇಟ್ಟಿತ್ತು. ನಾರ್ಮಲ್ ಆದರೂ ಅಷ್ಟೇ, ಸಿಸೇರಿಯನ್ ಆದರೂ ಅಷ್ಟೇ. ಸುಮ್ನೆ ಹೊಟ್ಟೆ ಕೊಯ್ಯುವ ಆಸೆ ಹೋಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ದರ ಒಂದೇ ಆದ ಕೂಡಲೇ ಕಷ್ಟದ ಕೇಸು ನಷ್ಟದ ಕೇಸಾಗುತ್ತದೆ. ಕಷ್ಟದ ಕೇಸನ್ನು ಸಾಗಹಾಕುವುದು ಹೇಗಿರುತ್ತದೆ ಎಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ನಾನು ಕಣ್ಣಾರೆ ಕಂಡಿದ್ದೇನೆ. ಬಸುರಿಯರು ನಡುರಾತ್ರಿ ಆಟೋದಲ್ಲಿ ಬಂದಿಳಿಯುತ್ತಿದ್ದರು. ಮುಖ, ಕಾಲು ಬಾತಿರುತ್ತಿತ್ತು. ಕೈಯಲ್ಲಿ ಯಾವುದೋ ನರ್ಸಿಂಗ್ ಹೋಮಿನ ಅರ್ಧ ಹಾಳೆ ಚೀಟಿ. ಅದರಲ್ಲಿ ‘ಬಿ.ಪಿ. 160/110, ಹೆಚ್ಚಿನ ಚಿಕಿತ್ಸೆಗಾಗಿ’ ಅಂತ ಇಷ್ಟೇ. ಯಾವ ಇಂಜೆಕ್ಷನ್ ಕೊಟ್ಟಿದ್ದಾರೆ, ಎಷ್ಟು ಹೊತ್ತಿಗೆ ಕೊಟ್ಟಿದ್ದಾರೆ, ಒಂದೂ ಇಲ್ಲ. ಆ ಚೀಟಿ ಬರೆದ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಅವಳು ಸಾಯುವುದಿಲ್ಲ. ಸತ್ತರೆ ನಮ್ಮ ರಿಜಿಸ್ಟರಿನಲ್ಲಿ ಸಾಯುತ್ತಾಳೆ. ನೀನು ಅಂಕ ಹಾಕುವಾಗ ಇದನ್ನು ತಲೆಯಲ್ಲಿಟ್ಟುಕೋ.

ಗುಣಮಟ್ಟಕ್ಕೆ ದುಡ್ಡು ಕೊಡುವ ಪ್ರಯೋಗ ನಮ್ಮ ಕರ್ನಾಟಕದಲ್ಲೇ, ಹಳ್ಳಿ ಕಡೆಯ ಖಾಸಗಿ ಹೆರಿಗೆ ಡಾಕ್ಟರ್‌ಗಳ ನಡುವೆ ನಡೆದಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಮನೋಜ್ ಮೋಹನನ್ ಮತ್ತು ಸಂಗಡಿಗರು ಮಾಡಿದ್ದು, 2021ರಲ್ಲಿ ಅಚ್ಚಾಯಿತು. ಒಂದು ಗುಂಪಿನ ಡಾಕ್ಟರ್‌ಗಳಿಗೆ, ಮಾಡಬೇಕಾದ ಕೆಲಸಗಳನ್ನು ಕ್ರಮವಾಗಿ ಮಾಡಿದರೆ ಹಣ. ಇನ್ನೊಂದು ಗುಂಪಿಗೆ, ಏನು ಬೇಕಾದರೂ ಮಾಡಿ, ತಾಯಿ ಮಗು ಚೆನ್ನಾಗಿದ್ದರೆ ಹಣ. ಮೂರನೆಯ ಗುಂಪಿಗೆ ಇಂಥದ್ದೇನೂ ಇಲ್ಲ. ಹಣ ಸಿಕ್ಕ ಎರಡೂ ಗುಂಪಿನಲ್ಲಿ ಹೆರಿಗೆಯಾದ ಮೇಲಿನ ರಕ್ತಸ್ರಾವ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯಿತು. ಬಾಣಂತಿಯರ ಸಾವಿಗೆ ದೊಡ್ಡ ಕಾರಣ ಅದೇ ಎಂದು ನಿನಗೆ ನಾನು ಹೇಳಬೇಕಿಲ್ಲ. ಅಂದರೆ ದುಡ್ಡು ಕೆಲಸ ಮಾಡುತ್ತದೆ. ಇನ್ನೂ ಒಂದು ವಿಷಯ ಗೊತ್ತಾಯಿತು. ಫಲಿತಾಂಶಕ್ಕೆ ಹಣ ಎಂದಾಗ ಹೆಚ್ಚು ಓದಿದ ಡಾಕ್ಟರ್‌ಗಳು ತಾವೇ ಹೊಸ ದಾರಿ ಹುಡುಕಿಕೊಂಡು ಉಳಿದವರಿಗಿಂತ ಚೆನ್ನಾಗಿ ಮಾಡಿದರು. ಕೆಲಸದ ಕ್ರಮಕ್ಕೆ ಹಣ ಎಂದಾಗ ಎಲ್ಲರೂ ಸರಿಸಮ. ಅದಕ್ಕೇ ನಿನ್ನ ಡ್ಯೂಟಿ ಡಾಕ್ಟರ್‌ಗಳಿಗೂ ಸಿಸ್ಟರ್‌ಗಳಿಗೂ ಕ್ರಮಕ್ಕೇ ಅಂಕ ಕೊಡು. ಮಗು ಹೊರಬಂದ ಒಂದು ನಿಮಿಷದೊಳಗೆ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ 10 ಯೂನಿಟ್, ಮಾಸು ಪೂರ್ತಿ ಬಂದಿದೆಯೇ ಎಂದು ನೋಡುವುದು, ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡುವುದು. ಇದೆಲ್ಲ ಅವರ ಕೈಯಲ್ಲಿರುವ ಕೆಲಸ.

ಆಕ್ಸಿಟೋಸಿನ್ ಎಂದಾಗ ಇನ್ನೊಂದು ನೆನಪಾಯಿತು. ಅದು 2ರಿಂದ 8 ಡಿಗ್ರಿಯೊಳಗೆ ಇರಬೇಕು. ಕರೆಂಟು ಹೋದ ರಾತ್ರಿ ಫ್ರಿಜ್ಜಿನ ಮೇಲೆ ಕಣ್ಣಿಡುವವರು ಯಾರು? ಸಿಸ್ಟರ್. ನೆಲದ ಮೇಲೆ ರಕ್ತ ಜಾಸ್ತಿ ಕಂಡು ಮೊದಲು ಕೂಗುವವರು ಯಾರು? ಎಷ್ಟೋ ಸಲ ಆಯಾ. ಬೋನಸ್ಸು ಡಾಕ್ಟರಿಗೆ ಮಾತ್ರ ಹೋದರೆ ನಾನಂತೂ ಒಪ್ಪುವುದಿಲ್ಲ. ಸ್ವಚ್ಛತೆಗಾಗಿ ಸರ್ಕಾರಿ ಆಸ್ಪತ್ರೆಗಳಿಗೆ ಕೊಡುವ ಕಾಯಕಲ್ಪ ಬಹುಮಾನದಲ್ಲೂ ಕಾಲು ಭಾಗ ಸಿಬ್ಬಂದಿಗೆ, ಉಳಿದದ್ದು ಆಸ್ಪತ್ರೆಯ ಸೌಲಭ್ಯಕ್ಕೆ. ಅದು ನ್ಯಾಯವಾದ ಹಂಚಿಕೆ. ಅಲ್ಲದೆ ಒಬ್ಬೊಬ್ಬ ಡಾಕ್ಟರಿನ ತಿಂಗಳ ಲೆಕ್ಕ ಬಹಳ ಚಿಕ್ಕದು. ಒಬ್ಬರ ಪಾಳಿಯಲ್ಲಿ ಎರಡು ಕಷ್ಟದ ಕೇಸು ಬಂದವು ಅಂದರೆ ಅಷ್ಟಕ್ಕೇ ಅವರು ದಡ್ಡರಾಗುವುದಿಲ್ಲ. ಇಡೀ ತಂಡದ ಲೆಕ್ಕ ತೆಗೆದುಕೋ, ವರ್ಷದ ಮೇಲೆ ತೆಗೆದುಕೋ.

ಬ್ರಿಟನ್ನಿನ ಕತೆಯನ್ನೂ ನೀನು ತಿಳಿದಿರಬೇಕು. 2004ರ ಏಪ್ರಿಲ್‌ನಿಂದ ಅಲ್ಲಿನ ಫ್ಯಾಮಿಲಿ ಡಾಕ್ಟರ್‌ಗಳ ಆದಾಯದ ಸುಮಾರು ಕಾಲು ಭಾಗವನ್ನು ಗುಣಮಟ್ಟದ ಅಂಕಗಳಿಗೆ ಕಟ್ಟಿಹಾಕಿದರು. ಒಟ್ಟು 146 ಅಳತೆಗಳು. ಸಕ್ಕರೆ ಕಾಯಿಲೆಯವರ ಬಿ.ಪಿ. ಹಿಡಿತದಲ್ಲಿದೆಯೇ, ಹೃದಯದ ರೋಗಿಗೆ ಕೊಲೆಸ್ಟ್ರಾಲ್ ನೋಡಿದ್ದಾರೆಯೇ, ಇಂಥವು. ಮೊದಲ ವರ್ಷವೇ ಸರ್ಕಾರ ಅಂದಾಜು ಮಾಡಿದ್ದಕ್ಕಿಂತ ಎಷ್ಟೋ ಹೆಚ್ಚು ಅಂಕ ಬಂತು. ಸಕ್ಕರೆ ಕಾಯಿಲೆ, ಅಸ್ತಮಾದ ಆರೈಕೆ ಸ್ವಲ್ಪ ಕಾಲ ಚುರುಕಾಗಿ ಸುಧಾರಿಸಿತು, ಗುರಿ ಮುಟ್ಟಿದ ಮೇಲೆ ಆ ಚುರುಕು ನಿಂತಿತು. ಹಣ ಇಡದ ಕೆಲಸಗಳಲ್ಲಿ ಇಳಿಕೆ ಕಂಡಿತು. ರೋಗಿಗಳಿಗೆ ತಮ್ಮದೇ ಡಾಕ್ಟರ್ ಸಿಗುವುದೂ ಕಡಿಮೆಯಾಯಿತು. ಮುಂದೆ ಕೆಲವು ಅಳತೆಗಳಿಗೆ ಹಣ ನಿಲ್ಲಿಸಿದಾಗ ದಾಖಲೆಯಲ್ಲಿ ಆ ಕೆಲಸಗಳೂ ಥಟ್ಟನೆ ಕುಸಿದವು. ಸ್ಕಾಟ್ಲೆಂಡ್ 2016ರಲ್ಲಿ ಈ ಪದ್ಧತಿಯನ್ನೇ ಬಿಟ್ಟಿತು. ಕಾಲು ಭಾಗ ಎಂದರೆ ಬಹಳ ಜಾಸ್ತಿ ಕಣೋ. ಅಷ್ಟು ದುಡ್ಡು ಅಂಕದಲ್ಲಿದ್ದರೆ ಡಾಕ್ಟರಿನ ಕಣ್ಣು ರೋಗಿಯನ್ನು ಬಿಟ್ಟು ಕಂಪ್ಯೂಟರಿಗೆ ಅಂಟಿಕೊಳ್ಳುತ್ತದೆ. ನಿಮ್ಮಲ್ಲಿ ನೂರಕ್ಕೆ ಐದು ರೂಪಾಯಿಗಿಂತ ಮೇಲೆ ಹೋಗುವುದು ಬೇಡ.

ಇನ್ನು ದಾಖಲೆ. ಪಾರ್ಟೋಗ್ರಾಫ್, ಅಂದರೆ ಹೆರಿಗೆ ಹೇಗೆ ಮುಂದುವರಿಯುತ್ತಿದೆ ಎಂದು ಹೊತ್ತುಹೊತ್ತಿಗೆ ಚುಕ್ಕಿಯಿಟ್ಟು ಗುರುತಿಸುವ ಹಾಳೆ, ಅದನ್ನು ತುಂಬಿದ್ದಕ್ಕೆ ಅಂಕ ಅಂತ ಇಟ್ಟು ನೋಡು, ಒಂದೇ ತಿಂಗಳಲ್ಲಿ ನೂರಕ್ಕೆ ನೂರು ತುಂಬಿರುತ್ತದೆ. ಹತ್ತಿರ ಹಿಡಿದು ನೋಡಿದರೆ ಎಲ್ಲ ಚುಕ್ಕಿಗಳೂ ಒಂದೇ ಪೆನ್ನಿನವು, ಒಂದೇ ಒತ್ತಿನವು, ಒಂದು ತಿದ್ದೂ ಇಲ್ಲ. ಹೆರಿಗೆ ಮುಗಿದ ಮೇಲೆ ಕೂತು ತುಂಬಿದ್ದು! ಆಯುಷ್ಮಾನ್ ಭಾರತದಲ್ಲಿ, ಆಸ್ಪತ್ರೆಗಳ ಗುಣಮಟ್ಟ ಪರೀಕ್ಷಿಸುವ ಎನ್‌ಎಬಿಎಚ್ ಮಂಡಳಿಯ ಮಾನ್ಯತೆ ಇದ್ದ ಆಸ್ಪತ್ರೆಗೆ ಪ್ಯಾಕೇಜ್ ದರದ ಮೇಲೆ ಪ್ರವೇಶ ಹಂತಕ್ಕೆ 10%, ಪೂರ್ಣ ಮಾನ್ಯತೆಗೆ 15% ಹೆಚ್ಚುವರಿ ಇಟ್ಟರು. ಒಳ್ಳೆಯ ಹೆಜ್ಜೆಯೇ. ಆದರೆ ಆ ಕಾಗದಗಳು ಆಸ್ಪತ್ರೆ ತಯಾರಾಗಿದೆ ಎನ್ನುವುದನ್ನು ಹೇಳುತ್ತವೆ, ಬಾಣಂತಿಗೆ ಏನಾಯಿತು ಎನ್ನುವುದನ್ನು ಹೇಳುವುದಿಲ್ಲ. ಅದನ್ನು ಅವಳನ್ನೇ ಕೇಳಬೇಕು. ಮನೆಗೆ ಹೋಗಿ ಹತ್ತು ದಿನವಾದ ಮೇಲೆ ಹೊರಗಿನವರು ಯಾರಾದರೂ ಫೋನ್ ಮಾಡಿ ಕೇಳಲಿ. ರಕ್ತ ಎಷ್ಟು ಹೋಯಿತು, ಜ್ವರ ಬಂತೇ, ಹೊಲಿಗೆ ಕೀವಾಯಿತೇ, ಲೇಬರ್ ರೂಮಿನಲ್ಲಿ ಯಾರಾದರೂ ಬೈದರೇ, ಹೊಡೆದರೇ. ಕೊನೆಯ ಪ್ರಶ್ನೆಯನ್ನು ಬಿಡಬೇಡ.

ದಂಡದ ವಿಷಯಕ್ಕೆ ಬಂದರೆ ಅಮೆರಿಕದಲ್ಲಿ ಎರಡು ರೀತಿ ನಡೆಯಿತು. 2008ರ ಅಕ್ಟೋಬರ್‌ನಿಂದ ಅಲ್ಲಿನ ವೃದ್ಧರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್, ಆಸ್ಪತ್ರೆಯಲ್ಲೇ ಆದ ಆಳವಾದ ಬೆನ್ನುಹುಣ್ಣು, ಆಪರೇಷನ್ನಿನಲ್ಲಿ ಹೊಟ್ಟೆಯೊಳಗೆ ಬಿಟ್ಟ ವಸ್ತು, ಇಂಥವಕ್ಕೆ ಹೆಚ್ಚುವರಿ ಹಣ ಕೊಡುವುದನ್ನು ನಿಲ್ಲಿಸಿತು. ಇದು ಸರಿ, ಏಕೆಂದರೆ ಅದು ಆಸ್ಪತ್ರೆಯ ಕೈಯಲ್ಲಿರುವ ವಿಷಯ. 2012ರ ಅಕ್ಟೋಬರ್‌ನಿಂದ 30 ದಿನದೊಳಗೆ ರೋಗಿಗಳು ಮತ್ತೆ ಅಡ್ಮಿಟ್ ಆಗುವುದು ಜಾಸ್ತಿ ಇದ್ದ ಆಸ್ಪತ್ರೆಗಳಿಗೆ ಹಣ ಕಡಿತ ಶುರುಮಾಡಿತು. ಪೆಟ್ಟು ಹೆಚ್ಚು ಬಿದ್ದದ್ದು ಬಡವರನ್ನು ನೋಡುವ ಆಸ್ಪತ್ರೆಗಳಿಗೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ, ಔಷಧಿ ಕೊಳ್ಳಲಾಗದ ರೋಗಿ ಮತ್ತೆ ಬರದೆ ಇನ್ನೇನು ಮಾಡುತ್ತಾನೆ? ಬಡ ರೋಗಿಗಳು ಒಂದೇ ಪ್ರಮಾಣದಲ್ಲಿರುವ ಆಸ್ಪತ್ರೆಗಳನ್ನು ಪರಸ್ಪರ ಹೋಲಿಸಬೇಕು ಎಂದು ಕಾನೂನು ತಿದ್ದಿ ಜಾರಿಗೆ ತರುವ ಹೊತ್ತಿಗೆ ಆರು ವರ್ಷ ಕಳೆದಿತ್ತು. ನೀನು ಅಷ್ಟು ಕಾಯಬೇಡ, ಮೊದಲ ದಿನವೇ ವಿಂಗಡಿಸು. ರಕ್ತ (ಹಿಮೋಗ್ಲೋಬಿನ್) 7 ಗ್ರಾಂ ಇರುವ ಬಸುರಿ, ಅವಳಿ, ಹಿಂದೆ ಸಿಸೇರಿಯನ್ ಆದವಳು, ಒಂದು ಸಲವೂ ತಪಾಸಣೆಗೆ ಬರದೆ ನೋವು ಶುರುವಾದ ಮೇಲೆ ಬಂದವಳು, ಇವರ ಲೆಕ್ಕ ಬೇರೆ ಇರಲಿ. ಇವರನ್ನು ಸೇರಿಸಿಕೊಂಡು ನೋಡಿದ್ದಕ್ಕೇ ಅಂಕ ಕೊಡು. ನಿಮ್ಮಿಂದ ಬೇರೆ ಕಡೆಗೆ ಕಳಿಸಿದವರ ಹೆಸರು ನಿಮ್ಮ ಪಟ್ಟಿಯಿಂದ ಹೋಗಬಾರದು. ಕಳಿಸುವ ಮೊದಲು ಏನು ಕೊಟ್ಟಿರಿ, ಆ ಆಸ್ಪತ್ರೆಗೆ ಫೋನ್ ಮಾಡಿದಿರಾ, ಜೊತೆಗೆ ಸಿಸ್ಟರ್ ಹೋದರಾ, ಕೊನೆಗೆ ಅವಳು ಏನಾದಳು, ಇಷ್ಟೂ ನಿಮ್ಮ ಲೆಕ್ಕಕ್ಕೇ ಬರಬೇಕು. ಮ್ಯಾನೇಜ್‌ಮೆಂಟ್ ಇದಕ್ಕೆ ಒಪ್ಪದಿದ್ದರೆ ಆ ಪಟ್ಟಿಗೆ ನೀನು ಸಹಿ ಹಾಕಬೇಡ. ಇದು ನಿನ್ನ ಅತ್ತೆಯ ಮಾತು.

ಕರಡು ಆದ ಮೇಲೆ ನನಗೂ ಒಂದು ಪ್ರತಿ ಕಳಿಸು. ಅದಕ್ಕೂ ಮೊದಲು ರಾತ್ರಿ ಪಾಳಿಯ ಸಿಸ್ಟರ್‌ಗಳನ್ನು ಕೂರಿಸಿಕೊಂಡು ಒಂದೊಂದೇ ಸಾಲು ಓದಿ ಹೇಳು. ಯಾವ ಅಂಕವನ್ನು ಕೆಲಸ ಮಾಡದೆಯೇ ಗಿಟ್ಟಿಸಬಹುದು, ಯಾವ ಸಾಲಿಗೆ ಹೆದರಿ ಜನ ರೋಗಿಯನ್ನು ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ, ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವರು ಹೇಳಿದ್ದನ್ನು ಬರೆದುಕೋ.

ನಿನ್ನ ಅಪ್ಪ ಅಮ್ಮನಿಗೆ ನನ್ನ ನೆನಪು ತಿಳಿಸು.

ಇಂತಿ ನಿನ್ನ ಪ್ರೀತಿಯ
ಅತ್ತೆ