ಗ್ವಾಟೆಮಾಲಾ ಏಲಕ್ಕಿ ಬೆಳೆಯುವವರು

ಮಾನ್ಯ ಸಂಪಾದಕರೇ,

ಏಲಕ್ಕಿ ಧಾರಣೆ ಬಿದ್ದಾಗಲೆಲ್ಲ ನಿಮ್ಮ ವಾಣಿಜ್ಯ ಪುಟದಲ್ಲಿ ಗ್ವಾಟೆಮಾಲಾ ಹೆಸರು ಬರುತ್ತದೆ. ನಮ್ಮ ಸಕಲೇಶಪುರದ ಕಡೆಯೂ ಅಷ್ಟೇ. ‘ಗ್ವಾಟೆಮಾಲಾ ಮಾಲು ಜಾಸ್ತಿ ಬಂತಂತೆ’ ಅಂತ ವ್ಯಾಪಾರಿ ಹೇಳಿದರೆ ಮುಗಿಯಿತು, ಆ ವಾರ ಚೀಲ ಬಿಚ್ಚುವ ಹಾಗಿಲ್ಲ. ನಾನೂ ಎಷ್ಟೋ ವರ್ಷ ಆ ದೇಶಕ್ಕೆ ಸುಮ್ನೆ ಶಾಪ ಹಾಕಿಕೊಂಡು ಬಂದವನು. ಅಲ್ಲಿ ಬೆಳೆಯುವವರು ಯಾರು ಅಂತ ಕೇಳಿದವನಲ್ಲ.

ಹೆಚ್ಚಿನವರು ಆಲ್ಟಾ ವೆರಾಪಾಸ್ ಬೆಟ್ಟಸೀಮೆಯ ಕೆಕ್ಚಿ ಜನ, ಮಾಯಾ ಮೂಲನಿವಾಸಿಗಳಲ್ಲಿ ಒಂದು ಪಂಗಡ. (ಏಲಕ್ಕಿ ಬೀಜ ಅಲ್ಲಿಗೆ ಹೋದದ್ದು ಭಾರತದಿಂದಲೇ, ಸುಮಾರು ನೂರು ವರ್ಷದ ಹಿಂದೆ, ಜರ್ಮನ್ ಪ್ಲಾಂಟರ್ ಒಬ್ಬರ ಮೂಲಕ.) ಮಾಯಾ ಅಂದರೆ ನಮಗೆ ನೆನಪಾಗುವುದು 2012ರಲ್ಲಿ ಟಿ.ವಿ.ಯವರು ತೋರಿಸಿದ ಪ್ರಳಯ, ಅಲ್ವಾ?

ಆ ಸೀಮೆಯ ಅಂಚಿನಲ್ಲಿ ಸೆಪುರ್ ಸಾರ್ಕೊ ಎಂಬ ಹಳ್ಳಿ ಇದೆ. ಅಲ್ಲಿನ ಗಂಡಸರು ತಾವಿದ್ದ ಜಮೀನಿಗೆ ಹಕ್ಕುಪತ್ರ ಕೇಳಿದ್ದರು. ನಮ್ಮಲ್ಲಿ ಬಗರ್‌ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುವುದಿಲ್ಲವೇ, ಹಾಗೆ. ಎಸ್ಟೇಟ್ ಧಣಿಗಳಿಗೆ ಅದು ಸರಿಬರಲಿಲ್ಲ. 1982ರಲ್ಲಿ ಸೈನ್ಯ ಬಂದು ಅರ್ಜಿ ಹಾಕಿದ್ದ ಗಂಡಸರನ್ನು ಎಳೆದೊಯ್ದಿತು. ಅವರು ವಾಪಸ್ ಬರಲಿಲ್ಲ. ಆಮೇಲೆ ಅವರ ಹೆಂಡಂದಿರಿಗೆ ಸೈನಿಕರ ಶಿಬಿರದಲ್ಲಿ ಪಾಳಿ, ಮೂರು ದಿನಕ್ಕೊಮ್ಮೆ. ಬಟ್ಟೆ ಒಗೆಯಬೇಕು, ಮೆಕ್ಕೆಜೋಳದ ರೊಟ್ಟಿ ತಟ್ಟಬೇಕು. ಸೋಪು, ಜೋಳ ಎರಡನ್ನೂ ಮನೆಯಿಂದಲೇ ತರಬೇಕು. ಅಲ್ಲೇ ಅವರ ಮೇಲೆ ಅತ್ಯಾಚಾರವೂ ನಡೆಯುತ್ತಿತ್ತು, ತಿಂಗಳುಗಟ್ಟಲೆ.

ಇದು ಒಂದೇ ಊರಿನ ಕಥೆಯಲ್ಲ. ಆ ದೇಶದಲ್ಲಿ ಆಗ ನಡೆಯುತ್ತಿದ್ದ 36 ವರ್ಷದ ಅಂತರ್ಯುದ್ಧದಲ್ಲಿ ಸತ್ತವರು, ಕಾಣೆಯಾದವರು 2 ಲಕ್ಷಕ್ಕೂ ಜಾಸ್ತಿ. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ ಎಂದು ಸತ್ಯಶೋಧನಾ ಆಯೋಗ 1999ರಲ್ಲಿ ವರದಿ ಕೊಟ್ಟಿತು.

ಸೆಪುರ್ ಸಾರ್ಕೊ ಹೆಂಗಸರಲ್ಲಿ 15 ಮಂದಿ ಕೋರ್ಟಿಗೆ ಹೋದರು. ವಿಚಾರಣೆಯ ಹೊತ್ತಿಗೆ ಅಜ್ಜಿಯರಾಗಿದ್ದರು. ಮುಖ ಕಾಣದ ಹಾಗೆ ಬಣ್ಣದ ಶಾಲು ಹೊದ್ದು ಕೂತಿದ್ದರು. ಕೋರ್ಟಿನ ಭಾಷೆ ಸ್ಪ್ಯಾನಿಷ್, ಇವರು ಹೇಳಿದ್ದು ಕೆಕ್ಚಿಯಲ್ಲಿ, ನಡುವೆ ದುಭಾಷಿ. 2016ರ ಫೆಬ್ರುವರಿ 26ರಂದು ತೀರ್ಪು ಬಂತು. ಒಬ್ಬ ಸೇನಾಧಿಕಾರಿಗೆ 120 ವರ್ಷ, ಸೈನ್ಯದ ಪರ ಕೆಲಸ ಮಾಡುತ್ತಿದ್ದ ಸ್ಥಳೀಯ ಕಮಿಷನರ್‌ಗೆ 240 ವರ್ಷ ಜೈಲು. ಯುದ್ಧಕಾಲದ ಲೈಂಗಿಕ ಗುಲಾಮಗಿರಿಯ ಅಪರಾಧವನ್ನು ಅದು ನಡೆದ ದೇಶದ ಕೋರ್ಟೇ ವಿಚಾರಿಸಿ ಶಿಕ್ಷೆ ಕೊಟ್ಟದ್ದು ಅದೇ ಮೊದಲು.

ಪರಿಹಾರದ ಆದೇಶದಲ್ಲಿ ಏನೇನಿತ್ತು ನೋಡಿ. ಊರಿಗೆ ಆಸ್ಪತ್ರೆ, ಮಕ್ಕಳಿಗೆ ಶಾಲೆ. ಜೊತೆಗೆ, ಗಂಡಂದಿರು ಶುರು ಮಾಡಿದ್ದ ಹಕ್ಕುಪತ್ರದ ಕೆಲಸ ಮುಂದುವರಿಸಬೇಕು ಅಂತಲೂ ಇತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದರೂ ಆ ಅರ್ಜಿಯನ್ನು ಈ ಹೆಂಗಸರು ಬಿಟ್ಟುಕೊಟ್ಟಿರಲಿಲ್ಲ.

ರೇಟು ಬಿದ್ದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಮುಂದಿನ ಸಲ ಧಾರಣೆ ಸುದ್ದಿಯಲ್ಲಿ ಗ್ವಾಟೆಮಾಲಾ ಹೆಸರು ಬರೆಯುವಾಗ, ಆ ಅರ್ಜಿ ಎಲ್ಲಿಗೆ ಬಂತು ಅಂತಲೂ ನಿಮ್ಮ ವರದಿಗಾರರು ಒಂದು ಸಾಲು ವಿಚಾರಿಸಿ ಬರೆಯಲಿ.

– ಒಬ್ಬ ಏಲಕ್ಕಿ ಬೆಳೆಗಾರ, ಸಕಲೇಶಪುರ ತಾಲ್ಲೂಕು