ಭೋಗ್ಯದ ಮನೆಗೆ ಬೀಗ, ಬಾಡಿಗೆದಾರರಿಗೆ ಉಪದೇಶ

ಮಾನ್ಯ ಸಂಪಾದಕರೇ,

ನಮ್ಮ ನಾಲ್ಕನೇ ಕ್ರಾಸಿನ ಮೂರಂತಸ್ತಿನ ಕಟ್ಟಡಕ್ಕೆ ಸಾಲ ಕೊಟ್ಟವರು ಬೀಗ ಜಡಿದ ಸುದ್ದಿ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಅದರ ಕೊನೆಯಲ್ಲಿ ಅಧಿಕಾರಿಯೊಬ್ಬರ ಆಣಿಮುತ್ತು: ಭೋಗ್ಯಕ್ಕೆ (ತಿಂಗಳ ಬಾಡಿಗೆಯ ಬದಲು ದೊಡ್ಡ ಇಡುಗಂಟು ಕೊಟ್ಟು ಮನೆಗೆ) ಹೋಗುವವರು ದಾಖಲೆ ನೋಡಿ ಎಚ್ಚರ ವಹಿಸಬೇಕಂತೆ. ಬಹಳ ಸಂತೋಷ. ಯಾವ ದಾಖಲೆ ಎಂದು ಅವರೇ ಹೇಳಿದ್ದರೆ ಇನ್ನೂ ಸಂತೋಷವಾಗುತ್ತಿತ್ತು.

ಇಸಿ, ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರ ತೆಗೆಸಿ ಎನ್ನುತ್ತಾರೆ. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಮೂಲಪತ್ರ ಒತ್ತೆಯಿಟ್ಟು ತಂದ ಸಾಲ ನೋಂದಣಿಯಾಗಿರದಿದ್ದರೆ ಇಸಿ ಎಳನೀರಿನಷ್ಟು ತಿಳಿಯಾಗಿ ಬರುತ್ತದೆ. ಅಂಥ ಅಡಮಾನ ಹುಡುಕಲು ಕೇಂದ್ರದ ಸರ್ಸಾಯಿ ಜಾಲತಾಣವಿದೆ, ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಇದನ್ನು ಯಾವ ಬ್ರೋಕರ್ ಹೇಳಿದ್ದಾನೆ, ಯಾವ ಕಚೇರಿಯ ಗೋಡೆಯ ಮೇಲೆ ಬರೆದಿದೆ? ಅದಕ್ಕಿಂತ ಸುಲಭದ ಪರೀಕ್ಷೆ, ಜೆರಾಕ್ಸ್ ಬಿಟ್ಟು ಮೂಲ ಕ್ರಯಪತ್ರವನ್ನೇ ಕೇಳುವುದು. ‘ಊರಲ್ಲಿ ಅಣ್ಣನ ಹತ್ತಿರ ಇದೆ’ ಎಂಬ ಉತ್ತರ ಬಂದರೆ ಅದು ಬ್ಯಾಂಕಿನ ಕಪಾಟಿನಲ್ಲಿದೆ ಎಂದೇ ತಿಳಿಯಬೇಕು.

ಮನೆ ಮೊದಲೇ ಅಡಮಾನದಲ್ಲಿದ್ದರೆ ಆಮೇಲಿನ ಭೋಗ್ಯಕ್ಕೆ ಬೆಲೆ ಕಡಿಮೆ. ಆಸ್ತಿ ವರ್ಗಾವಣೆ ಕಾಯಿದೆಯ 65ಎ ಕಲಮಿನ ಪ್ರಕಾರ, ಅಡಮಾನ ಇಟ್ಟವನು ಗುತ್ತಿಗೆ ಕೊಡುವಾಗ ಇಡುಗಂಟು ಪಡೆಯುವಂತಿಲ್ಲ, ಮುಂಗಡ ಬಾಡಿಗೆಯನ್ನೂ ಪಡೆಯುವಂತಿಲ್ಲ. ಭೋಗ್ಯ ನಿಂತಿರುವುದೇ ಇಡುಗಂಟಿನ ಮೇಲೆ! ಇನ್ನು ಭೋಗ್ಯದ ಕರಾರು ಎಂದರೆ ಹನ್ನೊಂದು ತಿಂಗಳ ಛಾಪಾ ಕಾಗದ, ನೋಟರಿ ಮೊಹರು. ನಿಜವಾದ ಸ್ವಾಧೀನ ಭೋಗ್ಯ (ಮನೆಯನ್ನು ವಶಕ್ಕೆ ಕೊಟ್ಟು ಹಣ ಪಡೆಯುವ ಅಡಮಾನ) ನೂರು ರೂಪಾಯಿ ದಾಟಿದರೆ ನೋಂದಣಿ ಆಗಲೇಬೇಕು. ಇಲ್ಲಿ ಎಂಟು–ಹತ್ತು ಲಕ್ಷ ಕೈ ಬದಲಾಗುತ್ತದೆ, ನೋಂದಣಿ ಮಾತ್ರ ಆಗುವುದಿಲ್ಲ. ಸಾಲ ತೀರದ ಆಸ್ತಿಯನ್ನು ಸಾಲ ಕೊಟ್ಟವರೇ ವಶಪಡಿಸಿಕೊಳ್ಳಲು ಬಿಡುವ ಸರ್ಫೇಸಿ ಕಾಯಿದೆಯ 60 ದಿನಗಳ ಮೊದಲ ನೋಟಿಸ್ ಹೋಗುವುದು ಸಾಲಗಾರನಿಗೆ. ಒಳಗೆ ಸಂಸಾರ ಹೂಡಿದವರಿಗೆ ತಿಳಿಯುವುದು ಗೋಡೆಗೆ ಅಂಟಿಸಿದಾಗ. ಇಲ್ಲಂತೂ ‘ಮನೆ ಭೋಗ್ಯಕ್ಕೆ ಇದೆ’ ಎಂಬ ಬೋರ್ಡಿನ ಮೇಲೆಯೇ ನೋಟಿಸ್ ಅಂಟಿಸಿದ್ದಾರೆ. ‘ಮನೆ’ ಅನ್ನುವ ಅಕ್ಷರ ಮಾತ್ರ ಹೊರಗೆ ಕಾಣುತ್ತಿದೆ. 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ದಾರಿಯಿದೆ. ಪಾತ್ರೆಪಗಡ ಫುಟ್‌ಪಾತಿನ ಮೇಲಿಟ್ಟುಕೊಂಡು ವಕೀಲರನ್ನು ಹುಡುಕಬೇಕು, ಅಷ್ಟೇ.

ಮಾಲೀಕರನ್ನಷ್ಟೇ ಬೈದು ಪ್ರಯೋಜನವಿಲ್ಲ. 20×30ರ ಸೈಟು, ಬಿ ಖಾತೆ (ಪೂರ್ತಿ ಕ್ರಮಬದ್ಧವಲ್ಲದ ಆಸ್ತಿಯ ಖಾತೆ), ಗೃಹಸಾಲಕ್ಕೆ ಬ್ಯಾಂಕುಗಳ ಹಿಂದೇಟು. ಆದ್ದರಿಂದ ನೆಲಮಹಡಿಯ ಭೋಗ್ಯದ ದುಡ್ಡಿನಲ್ಲಿ ಮೊದಲ ಮಹಡಿಗೆ ಮೋಲ್ಡ್, ಮೊದಲ ಮಹಡಿಯ ದುಡ್ಡಿನಲ್ಲಿ ಎರಡನೆಯದಕ್ಕೆ. ಹಳಬರು ಬಿಟ್ಟಾಗ ಹೊಸಬರ ದುಡ್ಡು ತಂದು ತೀರಿಸುವುದು. ಎರಡು ತಿಂಗಳು ಹೊಸಬರು ಸಿಗದಿದ್ದರೆ ಖಾಸಗಿ ಫೈನಾನ್ಸು, ಅಲ್ಲಿಂದ ಬೀಗ. ಈ ಬಡಾವಣೆಯ ಅಗ್ಗದ ಮನೆಗಳನ್ನು ಕಟ್ಟಿಸಿದವರು ಬಾಡಿಗೆದಾರರೇ. ಅವರದು ಅಡಮಾನವಿಲ್ಲದ, ಬಡ್ಡಿಯಿಲ್ಲದ ಬ್ಯಾಂಕು.

ಯೋಜನೆ ಮಾಡುವವರ ನಕ್ಷೆಯಲ್ಲಿ ವಾಸದ ವಲಯಕ್ಕೆ ಹಳದಿ ಬಣ್ಣ. ಆ ಹಳದಿಯಲ್ಲಿ ಬಾಡಿಗೆಯವರೆಷ್ಟು, ಸ್ವಂತದವರೆಷ್ಟು, ತಿಂಗಳಿಗೆ 20 ಸಾವಿರ ದುಡಿಯುವವರಿಗೆ ಮನೆ ಎಷ್ಟು ಎಂದು ಬಣ್ಣ ಹೇಳುವುದಿಲ್ಲ. 2007ರಲ್ಲಿ ಒಪ್ಪಿಗೆ ಪಡೆದ, 2015ರವರೆಗಿನ ಮಾಸ್ಟರ್ ಪ್ಲಾನನ್ನೇ ಬೆಂಗಳೂರು ಎಳೆದುಕೊಂಡು ಬಂದಿದೆ, 2031ರವರೆಗಿನದ್ದನ್ನು ಕರಡಿನಲ್ಲೇ ಹಿಂದಕ್ಕೆ ಪಡೆದರು. 1999ರ ಬಾಡಿಗೆ ಕಾಯಿದೆ ಇಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗೆ ಅನ್ವಯವೇ ಆಗುವುದಿಲ್ಲ. ಈ ದುಡ್ಡಿಗೆ ಇಂದು ಸ್ಕೂಟರ್ ನಿಲ್ಲಿಸಲು ಶೆಡ್ಡು ಸಿಕ್ಕರೆ ಪುಣ್ಯ. ಕೇಂದ್ರದ 2021ರ ಮಾದರಿ ಕಾಯಿದೆ ಎರಡು ತಿಂಗಳ ಠೇವಣಿ ಸಾಕು ಎಂದಿತು, ನಮ್ಮಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವವರು ಇನ್ನೂ ಇದ್ದಾರೆ. ಸ್ವಂತದ್ದು ಕೊಳ್ಳೋಣ ಎಂದರೆ 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಒಂದು ಚರಂಡಿಯ ಚಪ್ಪಡಿ ಕೂರಿಸಲು ಮೂರು ವರ್ಷ ಬೇಕಾಗುವ ಕಡೆ ಶುಲ್ಕ ಏರಿಸಲು ಒಂದು ಸಂಜೆ ಸಾಕು.

ಅತ್ತ ಬೀಗ ಬಿದ್ದ ಕಟ್ಟಡದ ಬೋರ್‌ವೆಲ್ಲಿನಿಂದಲೇ ಪಕ್ಕದ ಎರಡು ಮನೆಗಳಿಗೂ ನೀರು. ಸ್ಟಾರ್ಟರ್ ಡಬ್ಬ ಮೆಟ್ಟಿಲಿನ ಕೆಳಗಿದೆ, ಬೀಗದ ಒಳಗೆ. ಟ್ಯಾಂಕರಿನವನು ಕೇಳಿದ್ದು ಕೊಟ್ಟು ಬಿಂದಿಗೆ ತುಂಬಿಸಿಕೊಳ್ಳುವುದಾಗಿದೆ. ಒಂದು ಕಚೇರಿಗೆ ಹೋದರೆ ‘ಇದು ನಮ್ಮ ವ್ಯಾಪ್ತಿಗೆ ಬರಲ್ಲ’, ಪಕ್ಕದ ಕಚೇರಿಗೆ ಹೋದರೆ ‘ಸಾಹೇಬರು ಮೀಟಿಂಗಲ್ಲಿದ್ದಾರೆ’.

ಭೋಗ್ಯವನ್ನು ನಿಲ್ಲಿಸಲಿ, ಇಲ್ಲವೇ ಅದರ ನೋಂದಣಿಯನ್ನು ಅಗ್ಗ ಮಾಡಿ ಕಡ್ಡಾಯಗೊಳಿಸಲಿ. ಬಾಡಿಗೆ ಮನೆಗಳ ಲೆಕ್ಕವನ್ನು ಯೋಜನೆಯಲ್ಲಿ ಸೇರಿಸಲಿ, ಇಲ್ಲವೇ ಯೋಜನೆ ಎಂಬ ಮಾತನ್ನೇ ಬಿಡಲಿ. ಎಚ್ಚರಿಕೆ ಹೇಳಿದ ಆ ಅಧಿಕಾರಿ ಒಮ್ಮೆ ಬಂದು ಸ್ಟಾರ್ಟರ್ ಇರುವ ಬಾಗಿಲನ್ನಾದರೂ ತೆಗೆಸಿಕೊಡಲಿ.

– ನಾಲ್ಕನೇ ಕ್ರಾಸಿನ ನಿವಾಸಿಗಳು, ಬೆಂಗಳೂರು