ಇನ್ನು ಮುಂದೆ ಮೀನು ಕೊಡುವ ಮೊದಲು ಟ್ಯಾಂಕಿನ ಅಳತೆ ಕೇಳುತ್ತೇವೆ

ಗ್ರಾಹಕ ಮಿತ್ರರೇ, ನಮಸ್ಕಾರ.

ಬರುವ ಒಂದನೇ ತಾರೀಖಿನಿಂದ ನಮ್ಮ ಬೆಂಗಳೂರಿನ ಅಂಗಡಿಯಲ್ಲಿ ಗಾಜಿನ ಬೌಲ್ ಸಿಗುವುದಿಲ್ಲ. ಸಕ್ಕರ್ ಮೀನು, ಶಾರ್ಕ್ ಅಂತ ಕರೆಯುವ ಮೀನು ತರಿಸುವುದಿಲ್ಲ. ಮೂರಡಿಗಿಂತ ಚಿಕ್ಕ ಟ್ಯಾಂಕಿಗೆ ಗೋಲ್ಡ್‌ಫಿಶ್ ಕೊಡುವುದಿಲ್ಲ. ಹೊಸ ಟ್ಯಾಂಕ್ ತಗೊಂಡ ದಿನವೇ ಮೀನನ್ನೂ ಕವರಿಗೆ ಹಾಕಿ ಕೊಡುವುದಿಲ್ಲ. ಇಷ್ಟೊಂದು 'ಇಲ್ಲ' ಓದಿ, ಇವರು ಅಂಗಡಿ ಮುಚ್ಚೋ ಯೋಚನೆಯಲ್ಲಿದ್ದಾರಾ ಅಂದುಕೊಳ್ಳಬೇಡಿ. ಚಿಕ್ಕ ಟ್ಯಾಂಕಿಗೆ ಒಗ್ಗುವ ಮೀನು ಬೇಕಾದಷ್ಟಿವೆ, ಅವನ್ನೇ ಜಾಸ್ತಿ ತರಿಸಲಿದ್ದೇವೆ.

ಗೋಲ್ಡ್‌ಫಿಶ್ ವಿಷಯ ಮೊದಲು, ಯಾಕೆಂದರೆ ಬೇಜಾರಾಗುವುದು ಅದಕ್ಕೇ ಅಂತ ಗೊತ್ತು. ಅಂಗಡಿಯಲ್ಲಿ ನೀವು ನೋಡುವ ಎರಡಿಂಚಿನದು ಇನ್ನೂ ಮರಿ. ಚೆನ್ನಾಗಿ ಸಾಕಿದರೆ ಆರೇಳು ಇಂಚು ಬೆಳೆಯುತ್ತದೆ, ಹತ್ತು ವರ್ಷಕ್ಕೂ ಮೇಲೆ ಬದುಕುತ್ತದೆ. ತಿನ್ನುವುದೂ ಜಾಸ್ತಿ, ಗಲೀಜೂ ಜಾಸ್ತಿ. ಮೀನುಗಳೆಲ್ಲ ಕಿವಿರಿನಿಂದ ಅಮೋನಿಯಾ ಅನ್ನುವ ವಿಷ ಬಿಡುತ್ತವೆ, ನಾಲ್ಕು ಲೀಟರ್ ಬೌಲಿನಲ್ಲಿ ಅದು ಹೋಗುವುದಾದರೂ ಎಲ್ಲಿಗೆ? ಬೆಳಿಗ್ಗೆ ನೋಡಿದರೆ ಮೀನು ಮೇಲೆ ಬಂದು ಬಾಯಿ ಬಡಿಯುತ್ತಿರುತ್ತದೆ, ಕಿವಿರು ಕೆಂಪಗಾಗಿರುತ್ತದೆ, ಪಾಪ ಹಸಿವಿರಬೇಕು ಅಂತ ಮನೆಯವರು ಇನ್ನೊಂದು ಚಿಟಿಕೆ ಫುಡ್ ಹಾಕುತ್ತಾರೆ, ನೀರು ಇನ್ನಷ್ಟು ಕೆಡುತ್ತದೆ.

ಸಕ್ಕರ್ ಕೇಳುವವರೆಲ್ಲ ಹೇಳುವುದು ಒಂದೇ, ಗಾಜು ಕ್ಲೀನ್ ಮಾಡುತ್ತೆ ಅಂತ. ಚಿಕ್ಕದಿದ್ದಾಗ ಒಂದಿಷ್ಟು ಪಾಚಿ ತಿನ್ನುತ್ತದೆ, ನಿಜ. ಆಮೇಲೆ ಒಂದಡಿ ದಾಟಿ ಬೆಳೆಯುತ್ತದೆ, ಅದರ ಗಲೀಜನ್ನು ನೀವೇ ಕ್ಲೀನ್ ಮಾಡಬೇಕು. ಅದನ್ನು ಬಲೆಯಲ್ಲಿ ಹಿಡಿದವರಿಗೆ ಗೊತ್ತು, ಎದೆಯ ಹತ್ತಿರದ ರೆಕ್ಕೆಯ ಮುಳ್ಳು ಅಗಲಿಸಿಕೊಂಡು ಬಲೆಗೆ ಸಿಕ್ಕಿಹಾಕಿಕೊಂಡರೆ ಕತ್ತರಿ ತಗೊಂಡು ಬಲೆಯನ್ನೇ ಕತ್ತರಿಸಬೇಕು. ಮನೆಯಲ್ಲಿ ಇಡಲಾಗದೆ ಕೆರೆಗೆ ಬಿಡುವವರಿದ್ದಾರೆ. ದಯವಿಟ್ಟು ಬೇಡ. ದಕ್ಷಿಣ ಅಮೆರಿಕದ ಈ ಮೀನು ಕೇರಳದಲ್ಲಿ, ಪೂರ್ವ ಕೋಲ್ಕತ್ತದ ಕೆರೆಗಳಲ್ಲಿ ತಾನೇ ಮರಿ ಮಾಡಿಕೊಂಡು ಹಬ್ಬಿ, ಮೀನು ಹಿಡಿಯುವವರ ಬಲೆ ಹರಿಯುತ್ತಿದೆ. ನಿಮ್ಮ ಮನೆಯಲ್ಲಿ ದೊಡ್ಡದಾದ ಸಕ್ಕರ್ ಇದ್ದರೆ ನಮಗೇ ವಾಪಸ್ ಕೊಡಿ. ದುಡ್ಡು ಕೊಡಲ್ಲ, ಆದರೆ ತಗೋತೀವಿ.

ಇನ್ನು ಶಾರ್ಕ್. ಅದು ಶಾರ್ಕೇ ಅಲ್ಲ, ಮೀನು ಮಾರ್ಕೆಟ್ಟಿನಲ್ಲಿ ಬಾಸಾ ಅಂತ ಸಿಗುತ್ತದಲ್ಲ, ಅದೇ ಪಂಗಾಸ್ ಮೀನಿನ ಮರಿ. ಮೂರಡಿಗೂ ಮೀರಿ ಬೆಳೆಯಬಲ್ಲದು, ಲೈಟ್ ಹಾಕಿದರೂ ಹೆದರಿ ಗಾಜಿಗೆ ಮೂತಿ ಗುದ್ದಿಕೊಳ್ಳುತ್ತದೆ.

ಹಾಗಾದರೆ ಏನು ಸಾಕಬಹುದು? ಉದ್ದ, ಅಗಲ, ಎತ್ತರ ಮೂರೂ ಒಂದಡಿಯ ಟ್ಯಾಂಕಿದ್ದರೆ, ಅಂದರೆ ಸುಮಾರು 25 ಲೀಟರ್ ನೀರು, ಒಂದೇ ಒಂದು ಗಂಡು ಫೈಟರ್ ಮೀನು (ಬೆಟ್ಟಾ) ಇಡಿ. ಜೊತೆಗೆ ಇನ್ನೊಂದು ಫೈಟರ್ ಬೇಡವೇ ಬೇಡ. ಮೇಲೆ ಮುಚ್ಚಳ ಇರಲಿ, ಹಾರುತ್ತದೆ. ಡಿಸೆಂಬರ್, ಜನವರಿ ರಾತ್ರಿ ಇಲ್ಲಿ 15 ಡಿಗ್ರಿಗೆ ಇಳಿಯುತ್ತದೆ, ಫೈಟರ್‌ಗೆ ನೀರು 24ರ ಮೇಲಿರಬೇಕು, ಆದ್ದರಿಂದ ಚಿಕ್ಕ ಹೀಟರ್ ಬೇಕು. (ಮಂಗಳೂರಿಗೆ ಒಯ್ಯುವವರು ಹೀಟರ್ ದುಡ್ಡು ಉಳಿಸಿ.) ಎರಡಡಿ ಟ್ಯಾಂಕಿದ್ದರೆ ಎಂಟು ಜೀಬ್ರಾ ಡೇನಿಯೋ. ನಮ್ಮ ದೇಶದ್ದೇ ಮೀನು, ಚಳಿಗೆ ಜಗ್ಗಲ್ಲ, ದಿನವಿಡೀ ಓಡಾಡಿಕೊಂಡೇ ಇರುತ್ತದೆ. ನಮ್ಮನ್ನು ಕೇಳಿದರೆ ಮೊದಲ ಸಲ ಸಾಕುವವರಿಗೆ ಇದಕ್ಕಿಂತ ಒಳ್ಳೆಯ ಮೀನಿಲ್ಲ.

ಮನೆಗೆ ಬರುವುದು ಬೋರ್ ನೀರೋ ಕಾವೇರಿ ನೀರೋ ಅಂತಲೂ ಕೇಳುತ್ತೇವೆ, ತಪ್ಪು ತಿಳಿಯಬೇಡಿ. ಬಕೆಟ್ಟಿನ ಒಳಗೆಲ್ಲ ಬಿಳಿ ಕರೆ ಕಟ್ಟುತ್ತಿದ್ದರೆ ಗಡಸು ನೀರು, ಅದಕ್ಕೆ ಗಪ್ಪಿ, ಪ್ಲಾಟಿ, ಮೊಲ್ಲಿ ಚೆನ್ನಾಗಿ ಒಗ್ಗುತ್ತವೆ, ನಿಯಾನ್ ಟೆಟ್ರಾ ಒಗ್ಗಲ್ಲ. ಕಾವೇರಿ ನೀರಾದರೆ ಕ್ಲೋರಿನ್ ಹೋಗಿಸುವ ಡ್ರಾಪ್ಸ್ ಹಾಕಿಯೇ ಟ್ಯಾಂಕಿಗೆ ಬಿಡಿ.

ವಾಸ್ತುಗೆ ಒಂಬತ್ತು ಮೀನು ಬೇಕು, ಎಂಟು ಬಂಗಾರದ ಬಣ್ಣದ್ದು, ಒಂದು ಕಪ್ಪು, ಅನ್ನುವವರಿಗೆ ಬೇರೆ ದಾರಿ ಇದೆ. ಎರಡಡಿ ಟ್ಯಾಂಕಿಗೆ ಎಂಟು ಹಳದಿ ಪ್ಲಾಟಿ, ಒಂದು ಬ್ಲಾಕ್ ಮೊಲ್ಲಿ. ಲೆಕ್ಕ ಸರಿಯಾಯ್ತು, ಅಲ್ವಾ? ಎಲ್ಲ ಗಂಡೇ ಆರಿಸಿಕೊಡುತ್ತೇವೆ, ಇಲ್ಲದಿದ್ದರೆ ಎರಡು ತಿಂಗಳಲ್ಲಿ ಒಂಬತ್ತು ಹೋಗಿ ಮೂವತ್ತಾಗುತ್ತದೆ, ಆಗ ವಾಸ್ತು ಏನು ಹೇಳುತ್ತೋ ಏನೋ.

ಕೊನೆಯದು, ಟ್ಯಾಂಕ್ ಇವತ್ತು, ಮೀನು ಆಮೇಲೆ ಅನ್ನುವ ಮಾತು. ಅಮೋನಿಯಾವನ್ನು ತಿಂದು ಕಡಿಮೆ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯಬೇಕು. ತಾನಾಗೇ ಬೆಳೆಯಲು ತಿಂಗಳು ಹಿಡಿಯುತ್ತದೆ. ಅಷ್ಟು ಕಾಯಿಸುವುದಿಲ್ಲ. ಟ್ಯಾಂಕ್ ತಗೊಂಡವರಿಗೆಲ್ಲ ನಮ್ಮ ಟ್ಯಾಂಕಿನ ಹಳೇ ಸ್ಪಂಜಿನ ಒಂದು ತುಂಡು ಸುಮ್ನೆ ಕೊಡುತ್ತೇವೆ, ನೋಡಲು ಕಂದು ಬಣ್ಣಕ್ಕೆ ತಿರುಗಿ ಕೊಳಕಾಗಿರುತ್ತದೆ, ದಯವಿಟ್ಟು ನಲ್ಲಿ ಕೆಳಗೆ ಹಿಡಿದು ತೊಳೆಯಬೇಡಿ, ಹಾಗೇ ಫಿಲ್ಟರಿಗೆ ಸೇರಿಸಿ, ಮೀನು ಇಲ್ಲದಿದ್ದರೂ ಬ್ಯಾಕ್ಟೀರಿಯಾಕ್ಕೆ ಅಂತ ದಿನಾ ಒಂದು ಚಿಟಿಕೆ ಫುಡ್ ಹಾಕಿ, ಫಿಲ್ಟರ್ ಹಗಲು ರಾತ್ರಿ ಓಡಲಿ. ಹತ್ತು ದಿನ ಬಿಟ್ಟು ಒಂದು ಬಾಟಲಿಯಲ್ಲಿ ಆ ನೀರು ತನ್ನಿ. ಟೆಸ್ಟ್ ಮಾಡಿ ನೋಡುತ್ತೇವೆ, ಅದಕ್ಕೆ ಚಾರ್ಜ್ ಇಲ್ಲ. ಅಮೋನಿಯಾ ಇಲ್ಲದಿದ್ದರೆ ಅವತ್ತೇ ಮೊದಲ ಎರಡು ಮೂರು ಮೀನು ಒಯ್ಯಬಹುದು, ಇದ್ದರೆ ಇನ್ನೊಂದು ವಾರ ತಡೆಯಿರಿ.

ಬೌಲಿಗೆ ಈಗಾಗಲೇ ಅಡ್ವಾನ್ಸ್ ಕೊಟ್ಟವರು ದುಡ್ಡು ವಾಪಸ್ ತಗೊಳ್ಳಬಹುದು, ಇಲ್ಲವೇ ಟ್ಯಾಂಕಿನ ಬೆಲೆಗೆ ಸೇರಿಸಿಕೊಳ್ಳುತ್ತೇವೆ. ಬರುವಾಗ ಟ್ಯಾಂಕಿನ ಉದ್ದ, ಅಗಲ, ಎತ್ತರ ಮೂರನ್ನೂ ಬರೆದುಕೊಂಡು ಬನ್ನಿ, ಫೋಟೋ ಇದ್ದರೆ ಇನ್ನೂ ಒಳ್ಳೆಯದು.